ಪತ್ರಿಕೆ ನಿಂತ ಊರಿನಲ್ಲಿ ಹಬ್ಬ

(ಮಿನೆಸೋಟದಲ್ಲಿ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾವಿರುವ ಜಾಗದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ ಹೋದರೆ, ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಡೆಕೋರಾ ಅನ್ನುವ ಊರು ಸಿಗುತ್ತದೆ. ಜನಸಂಖ್ಯೆ ಏಳೂವರೆ ಸಾವಿರದ ಆಸುಪಾಸು. ನಮ್ಮ ಕಡೆ ಅಷ್ಟು ಜನ ಇದ್ದರೆ ದೊಡ್ಡ ಹಳ್ಳಿ ಅನ್ನುತ್ತೇವೆ. ಈ ಊರಿನಲ್ಲಿ 1874ರಲ್ಲಿ ಒಂದು ಪತ್ರಿಕೆ ಶುರುವಾಯಿತು. ಅದರ ಹೆಸರು ಡೆಕೋರಾ-ಪೋಸ್ಟನ್. ಅಮೆರಿಕದಲ್ಲಿ ಅಚ್ಚಾಗುತ್ತಿದ್ದರೂ ಅದರ ಭಾಷೆ ನಾರ್ವೆಯದು. ದೂರದ ಹೊಲಗಳಲ್ಲಿ ಒಂಟಿ ಮನೆ ಕಟ್ಟಿಕೊಂಡಿದ್ದ ರೈತರು ಅದಕ್ಕಾಗಿ ಕಾಯುತ್ತಿದ್ದರು. 1918ರಿಂದ 1935ರವರೆಗೆ ಅದರಲ್ಲಿ ಓಲಾ ಮತ್ತು ಪೇರ್ ಅನ್ನುವ ಇಬ್ಬರು ವಲಸೆ ರೈತರ ಚಿತ್ರಹಾಸ್ಯ ಬರುತ್ತಿತ್ತು. ಹೊಸ ಯಂತ್ರ ತಂದು ಪೇಚಿಗೆ ಸಿಕ್ಕುವುದು, ಹೊಸ ದೇಶದ ರೀತಿ ಅರ್ಥವಾಗದೆ ಒದ್ದಾಡುವುದು. ಓದುವವರು ತಮ್ಮನ್ನೇ ಅದರಲ್ಲಿ ನೋಡಿಕೊಳ್ಳುತ್ತಿದ್ದರು.

ಆ ಪತ್ರಿಕೆ 98 ವರ್ಷ ನಡೆದು 1972ರಲ್ಲಿ ನಿಂತುಹೋಯಿತು. ಆ ಭಾಷೆಯಲ್ಲಿ ಓದುವವರೇ ಉಳಿದಿರಲಿಲ್ಲ.

ಅದಕ್ಕೆ ಐದು ವರ್ಷ ಮುಂಚೆ, 1967ರಲ್ಲಿ, ಅದೇ ಊರಿನಲ್ಲಿ ನಾರ್ಡಿಕ್ ಫೆಸ್ಟ್ ಅನ್ನುವ ಹಬ್ಬ ಶುರುವಾಗಿತ್ತು. ನಾರ್ಡಿಕ್ ಅಂದರೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ಈ ಐದು ದೇಶಗಳಿಗೆ ಸೇರಿದ್ದು. ಪ್ರತಿ ಜುಲೈ ಕೊನೆಯಲ್ಲಿ ಮೂರು ದಿನ. ಅದು ಇವತ್ತಿಗೂ ನಡೆಯುತ್ತಿದೆ.

ಈ ಎರಡು ಇಸವಿಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ಮಾತು ಹೋಗುತ್ತಿದ್ದ ಹೊತ್ತಿಗೇ ಹಬ್ಬ ಬಂದಿತು. ಇದು ಹೇಗೆ, ಯಾಕೆ? ಇವತ್ತು ಅದನ್ನೇ ನಿಮ್ಮ ಮುಂದೆ ಬಿಡಿಸಿ ನೋಡೋಣ ಅಂತ ಬಂದಿದ್ದೇನೆ.

ಮೊದಲು ಇವರೆಲ್ಲ ಯಾಕೆ ಬಂದರು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. 1825ರ ಜುಲೈನಲ್ಲಿ ನಾರ್ವೆಯ ಸ್ತಾವಾಂಗರ್ ಬಂದರಿನಿಂದ ರೆಸ್ಟೊರೇಶನ್ ಅನ್ನುವ ಪುಟ್ಟ ಹಾಯಿಹಡಗು ಹೊರಟಿತು. ಅದರಲ್ಲಿ 52 ಜನ ಇದ್ದರು. ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದಾಗ 53 ಆಗಿದ್ದರು. ನಡುವೆ ಸಮುದ್ರದಲ್ಲೇ ಒಂದು ಮಗು ಹುಟ್ಟಿತ್ತು! ಅಷ್ಟು ಸಣ್ಣ ಹಡಗಿನಲ್ಲಿ ಇಷ್ಟು ಜನರನ್ನು ತುಂಬಿಕೊಂಡು ಬಂದಿದ್ದಕ್ಕೆ ಇಲ್ಲಿನ ಕಾನೂನಿನ ಪ್ರಕಾರ ದಂಡ ಬಿತ್ತು. ಆಗ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅದನ್ನು ಮಾಫಿ ಮಾಡಿದರು. ಇನ್ನೂರು ವರ್ಷ ತುಂಬಿದ 2025ರಲ್ಲಿ ಅದೇ ಮಾದರಿಯ ಹಡಗೊಂದು ಅದೇ ಸ್ತಾವಾಂಗರ್‌ನಿಂದ ಜುಲೈ 4ರಂದು ಹೊರಟಾಗ ನಾನು ಫೋನಿನಲ್ಲಿ ನೋಡುತ್ತಾ ಕೂತಿದ್ದೆ. ನನಗೂ ಆ ಹಡಗಿಗೂ ಯಾವ ನಂಟೂ ಇಲ್ಲ. ಆದರೂ ಗಂಟಲು ಕಟ್ಟಿತು.

ಆ ಹಡಗಿನ ಹಿಂದೆ ಲಕ್ಷಗಟ್ಟಲೆ ಜನ ಬಂದರು. ಮುಂದಿನ ನೂರು ವರ್ಷದಲ್ಲಿ ನಾರ್ವೆಯಿಂದ ಎಂಟು ಲಕ್ಷಕ್ಕೂ ಜಾಸ್ತಿ, ಸ್ವೀಡನ್ನಿನಿಂದ ಸುಮಾರು ಹದಿಮೂರು ಲಕ್ಷ, ಡೆನ್ಮಾರ್ಕಿನಿಂದ ಸುಮಾರು ಮೂರು ಲಕ್ಷ. 1801ರಲ್ಲಿ ಇಡೀ ನಾರ್ವೆಯ ಜನಸಂಖ್ಯೆಯೇ ಒಂಬತ್ತು ಲಕ್ಷದ ಒಳಗಿತ್ತು. ಅಂದರೆ ಒಂದು ಕಾಲದ ಪೂರ್ತಿ ದೇಶದಷ್ಟು ಜನ ಎದ್ದು ಬಂದ ಹಾಗೆ. ಅಲ್ಲಿ ಉಳುವ ಭೂಮಿ ನೂರಕ್ಕೆ ನಾಲ್ಕು ಪಾಲೂ ಇಲ್ಲ. ಉಳಿದಿದ್ದೆಲ್ಲ ಬೆಟ್ಟ, ಬಂಡೆ, ಕಾಡು. ಹೊಲ ಹಿರಿಯ ಮಗನಿಗೆ ಹೋದರೆ ಉಳಿದವರು ಏನು ಮಾಡಬೇಕು? ಸ್ವೀಡನ್ನಿನಲ್ಲಿ 1867ರಿಂದ 1869ರವರೆಗೆ ಬರ ಬಿತ್ತು. ಇತ್ತ ಅಮೆರಿಕದಲ್ಲಿ 1862ರ ಕಾನೂನಿನಂತೆ ಐದು ವರ್ಷ ದುಡಿದರೆ 160 ಎಕರೆ ಸಿಗುತ್ತಿತ್ತು. ಬಂದವರು ಊರಿಗೆ ಕಾಗದ ಬರೆದರು. ಆ ಕಾಗದ ಓದಿ ಅಣ್ಣತಮ್ಮಂದಿರು ಬಂದರು. ನಮ್ಮಲ್ಲೂ ಒಬ್ಬರು ಬಂದು ಇನ್ನೊಬ್ಬರನ್ನು ಕರೆಸಿಕೊಂಡಿದ್ದೇ ಅಲ್ವಾ?

ಹೊಸ ನೆಲಕ್ಕೆ ಅವರು ಇಟ್ಟುಕೊಂಡ ಹೆಸರು ವೆಸ್ಟರ್‌ಹೈಮ್. ಪಡುವಣದ ಮನೆ ಅಂತ ಅರ್ಥ. ಡೆಕೋರಾದ ಮ್ಯೂಸಿಯಂಗೆ ಅದೇ ಹೆಸರು. 1877ರಲ್ಲಿ ಅಲ್ಲಿನ ಲೂಥರ್ ಕಾಲೇಜಿನಲ್ಲಿ ವಸ್ತು ಸಂಗ್ರಹ ಶುರುವಾಯಿತು. ಈಗ ಅಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ವಸ್ತುಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮರದ ಪೆಟ್ಟಿಗೆಗಳು. ಹಡಗು ಹತ್ತುವಾಗ ಒಂದು ಸಂಸಾರ ತನ್ನ ಇಡೀ ಬದುಕನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿತ್ತು. ಮೇಲೆ ಯಜಮಾನನ ಹೆಸರು, ಇಸವಿ, ಸುತ್ತ ಬಳ್ಳಿ ಹೂವಿನ ಚಿತ್ರ. ನಾನು ಇಲ್ಲಿಗೆ ಎರಡು ಸೂಟ್‌ಕೇಸ್ ತಂದೆ. ಒಂದರಲ್ಲಿ ಅರ್ಧದಷ್ಟು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹಪ್ಪಳ, ಪ್ರೆಷರ್ ಕುಕ್ಕರ್. ಆ ಪೆಟ್ಟಿಗೆಗಳ ಮುಂದೆ ನಿಂತಾಗ ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದಿದ್ದು ನೆನಪಾಯಿತು.

ಇಲ್ಲಿ ಬಂದ ಮೇಲೆ ಅವರು ಮೊದಲು ಕಟ್ಟಿದ್ದು ಚರ್ಚು. ಆಮೇಲೆ ಸಂಘಗಳು. ಅದರಲ್ಲಿ ಒಂದು ಬಗೆಯ ಸಂಘ ನನಗೆ ತುಂಬ ಇಷ್ಟ. ಬಿಗ್ಡೆಲಾಗ್ ಅಂತ ಕರೆಯುತ್ತಾರೆ. ಇದು ದೇಶದ ಹೆಸರಿನ ಸಂಘ ಅಲ್ಲ. ಊರಿನ, ಕಣಿವೆಯ ಹೆಸರಿನ ಸಂಘ. ವಾಲ್ಡ್ರೆಸ್ ಕಣಿವೆಯಿಂದ ಬಂದವರು 1899ರಲ್ಲಿ ಮಿನಿಯಾಪೊಲಿಸ್‌ನ ಮಿನ್ನೆಹಾಹಾ ಪಾರ್ಕಿನಲ್ಲಿ ಮೊದಲ ಸಲ ಸೇರಿದರು. ನಾವು ವಾರಾಂತ್ಯದಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತೇವಲ್ಲ, ಅದೇ ಪಾರ್ಕು. ಒಂದೇ ಕಣಿವೆಯವರಾದರೆ ಮಾತಿನ ಧಾಟಿ ಒಂದೇ. ಕುಣಿತ ಒಂದೇ. ಉಡುಪೂ ಒಂದೇ. ಧಾರವಾಡದವರು ಸಿಕ್ಕಿದಾಗ ಧಾರವಾಡದವರ ದನಿ ಹೇಗೆ ತಾನಾಗಿ ಬದಲಾಗುತ್ತದೆ, ಗಮನಿಸಿದ್ದೀರಾ? ಆ ಸುಖಕ್ಕಾಗಿಯೇ ಅವರು ಸೇರುತ್ತಿದ್ದರು.

ಆಮೇಲೆ 1918 ಬಂತು. ಈ ಭಾಗ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲ ಮಹಾಯುದ್ಧದ ಹೊತ್ತು. ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದಿತ್ತು. ಜರ್ಮನ್ ಮಾತಾಡುವವರ ಮೇಲೆ ಅನುಮಾನ. ಆ ಅನುಮಾನ ಬೆಳೆಯುತ್ತ ಎಲ್ಲ ಹೊರಗಿನ ಭಾಷೆಗಳ ಮೇಲೂ ಹಬ್ಬಿತು. 1918ರ ಮೇ 23ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ರಸ್ತೆಯಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಇಂಗ್ಲಿಷ್ ಮಾತ್ರ. ಸಭೆಯಲ್ಲಿ ಭಾಷಣ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಬಾರದವರು ಪ್ರಾರ್ಥನೆಯನ್ನು ಮನೆಯೊಳಗೆ ಮಾಡಿಕೊಳ್ಳಬೇಕು. ಬೈಬಲ್ಲಿನಲ್ಲಿ ಬೇಬೆಲ್ ಗೋಪುರದ ಕತೆ ಇದೆ, ಅಲ್ಲಿ ಜನರ ಭಾಷೆಗಳು ಚದುರಿಹೋಗುತ್ತವೆ. ಹಾಗಾಗಿ ಜನ ಇದನ್ನು ಬೇಬೆಲ್ ಆಜ್ಞೆ ಅಂದರು. ನಾರ್ವೆಯವರು, ಡೆನ್ಮಾರ್ಕಿನವರು ಯಾರ ವೈರಿಗಳೂ ಅಲ್ಲ. ಆದರೂ ಆಜ್ಞೆ ಎಲ್ಲರ ಬಾಯಿಗೂ ಅನ್ವಯಿಸಿತು.

ಡಿಸೆಂಬರ್ ಹೊತ್ತಿಗೆ ಅದನ್ನು ಹಿಂದಕ್ಕೆ ಪಡೆದರು. ಆರೇಳು ತಿಂಗಳು ಅಷ್ಟೇ. ಆದರೆ ಒಂದು ಸಲ ಮನೆಯ ಮಾತು ಆಡಲು ತಾಯಂದಿರು ಅಂಜಿದರೆ, ಆ ಅಂಜಿಕೆಯನ್ನು ಯಾವ ಸರ್ಕಾರ ವಾಪಸ್ ಪಡೆಯುತ್ತದೆ? ಮಕ್ಕಳಿಗೆ ಇಂಗ್ಲಿಷೇ ಸಾಕು ಅಂತ ಎಷ್ಟೋ ಮನೆಗಳು ತೀರ್ಮಾನಿಸಿದವು. ಎಲ್ಲವೂ ಆ ಆಜ್ಞೆಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಶಾಲೆ, ಕೆಲಸ, ಮದುವೆ, ರೇಡಿಯೊ ಎಲ್ಲ ಸೇರಿ ಮಾತನ್ನು ಸವೆಸಿದವು. ಚರ್ಚಿನ ಪ್ರವಚನವೂ ನಿಧಾನವಾಗಿ ಇಂಗ್ಲಿಷಿಗೆ ತಿರುಗಿತು. 1946ರಲ್ಲಿ ಇಲ್ಲಿನ ನಾರ್ವೇಜಿಯನ್ ಲೂಥರನ್ ಚರ್ಚು ತನ್ನ ಹೆಸರಿನಿಂದಲೇ ನಾರ್ವೇಜಿಯನ್ ಅನ್ನುವ ಪದ ತೆಗೆಯಿತು.

ನಡುವೆ ಒಂದು ದೊಡ್ಡ ಸಂಭ್ರಮವೂ ಆಯಿತು. 1925ರ ಜೂನಿನಲ್ಲಿ, ವಲಸೆಗೆ ನೂರು ತುಂಬಿದ್ದಕ್ಕೆ, ನಮ್ಮ ಮಿನೆಸೋಟ ಸ್ಟೇಟ್ ಫೇರ್ ಮೈದಾನದಲ್ಲೇ ನಾಲ್ಕು ದಿನದ ಉತ್ಸವ. ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಬಂದು ಮಾತಾಡಿದರು. ಹಡಗಿನ ಚಿತ್ರದ ಅಂಚೆಚೀಟಿ ಬಂತು. ಏಳು ವರ್ಷ ಮುಂಚೆ ಫೋನಿನಲ್ಲಿ ತಮ್ಮ ಭಾಷೆ ಆಡಬಾರದು ಅನ್ನಿಸಿಕೊಂಡಿದ್ದವರು ಈಗ ದೇಶದ ಅಧ್ಯಕ್ಷರ ಬಾಯಲ್ಲಿ ಹೊಗಳಿಸಿಕೊಂಡರು. ಆ ಉತ್ಸವಕ್ಕೆ ಹೋದವರ ಮನಸ್ಸಿನಲ್ಲಿ ಏನಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾವೂ ಈ ದೇಶದವರೇ ಅಂತ ತೋರಿಸುವ ಆಸೆ ಇದ್ದಿರಬೇಕು. ನಾವು ಯಾರು ಅನ್ನುವುದನ್ನು ಬಿಡಲಿಲ್ಲ ಅನ್ನುವ ಸಮಾಧಾನವೂ.

1937ರಲ್ಲಿ ಮಾರ್ಕಸ್ ಲೀ ಹಾನ್ಸನ್ ಅನ್ನುವ ಇತಿಹಾಸಕಾರರು ಇಲಿನಾಯ್‌ನ ರಾಕ್ ಐಲೆಂಡಿನಲ್ಲಿ ಸ್ವೀಡಿಷ್ ಮೂಲದವರ ಸಭೆಯಲ್ಲಿ ಒಂದು ಉಪನ್ಯಾಸ ಕೊಟ್ಟರು. ಅವರ ತಂದೆ ಡೆನ್ಮಾರ್ಕಿನವರು, ತಾಯಿ ನಾರ್ವೆಯವರು. ಅವರು ಹೇಳಿದ್ದರ ಸಾರ ಇಷ್ಟು: ಮಗ ಮರೆಯಬೇಕು ಅಂದುಕೊಂಡಿದ್ದನ್ನು ಮೊಮ್ಮಗ ನೆನಪಿಟ್ಟುಕೊಳ್ಳಲು ಬಯಸುತ್ತಾನೆ. ಎರಡನೇ ತಲೆಮಾರಿಗೆ ಮನೆಯ ಮಾತು, ಮನೆಯ ಊಟ ಅಂದರೆ ಶಾಲೆಯಲ್ಲಿ ನಾಚಿಕೆ. ಮೂರನೆಯವರಿಗೆ ಆ ನಾಚಿಕೆ ಇರುವುದಿಲ್ಲ. ಆದರೆ ಅವರು ತಿರುಗಿ ನೋಡುವಾಗ ಭಾಷೆ ಹೋಗಿರುತ್ತದೆ. ಏನು ಉಳಿದಿದೆಯೋ ಅದನ್ನೇ ಹಿಡಿದುಕೊಳ್ಳಬೇಕು.

1967ರಲ್ಲಿ ಡೆಕೋರಾದವರು ಮಾಡಿದ್ದು ಅದನ್ನೇ.

ನಾನು ಕೆಲವು ವರ್ಷದ ಹಿಂದೆ ಮೊದಲ ಸಲ ಆ ಹಬ್ಬಕ್ಕೆ ಹೋದೆ. ವಾಟರ್ ಸ್ಟ್ರೀಟ್ ಅಂತ ಊರಿನ ಮುಖ್ಯ ರಸ್ತೆ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದು. ಅಲ್ಲಿ ಕಂಡಿದ್ದು ಇಷ್ಟು: ವೇದಿಕೆಗಿಂತ ರಸ್ತೆಯಲ್ಲಿ ಜಾಸ್ತಿ ನಡೆಯುತ್ತಿದೆ. ಒಬ್ಬರು ಮರದ ಚಮಚ ಕೆತ್ತುತ್ತಿದ್ದಾರೆ. ಒಬ್ಬರು ಬಿಳಿ ಬಟ್ಟೆಯ ಮೇಲೆ ಎಳೆ ಎಣಿಸಿ ಹಾರ್ಡಾಂಗರ್ ಕಸೂತಿ ಹಾಕುತ್ತಿದ್ದಾರೆ. ನಮ್ಮ ಧಾರವಾಡದ ಕಸೂತಿಯೂ ಎಳೆ ಎಣಿಸಿ ಹಾಕುವುದೇ. ನನ್ನ ಹೆಂಡತಿ ಅಲ್ಲಿ ಮುಕ್ಕಾಲು ಗಂಟೆ ನಿಂತಳು. ಇನ್ನೊಂದು ಕಡೆ ಪಿಟೀಲು. ಹಾರ್ಡಾಂಗರ್ ಪಿಟೀಲಿನಲ್ಲಿ ಮೇಲಿನ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೈದು ತಂತಿಗಳಿರುತ್ತವೆ. ಅವನ್ನು ಕಮಾನು ಮುಟ್ಟುವುದಿಲ್ಲ. ಮೇಲಿನದು ಮಿಡಿದರೆ ಕೆಳಗಿನವು ತಾವಾಗಿ ದನಿ ಕೊಡುತ್ತವೆ, ಸಿತಾರಿನ ತರಬ್ ತಂತಿಗಳ ಹಾಗೆ. ಒಬ್ಬರೇ ನುಡಿಸಿದರೂ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತದೆ.

ಮತ್ತೆ ಮಕ್ಕಳು. ಡೆಕೋರಾದ ನಾರ್ಡಿಕ್ ಡಾನ್ಸರ್ಸ್ ಅಂದರೆ ಊರಿನ ಶಾಲಾ ಮಕ್ಕಳು. ಚಿಕ್ಕ ತರಗತಿಯಲ್ಲಿ ಸೇರಿ ಹೈಸ್ಕೂಲ್ ಮುಗಿಯುವವರೆಗೂ ಕುಣಿಯುತ್ತಾರೆ. ಜುಲೈನ ಬಿಸಿಲಿನಲ್ಲಿ ಉಣ್ಣೆಯ ವೇಸ್ಟ್‌ಕೋಟ್ ಹಾಕಿಕೊಂಡು! ಪಕ್ಕದಲ್ಲಿ ನಿಂತಿದ್ದ ಅಜ್ಜಿ ಒಬ್ಬ ಹುಡುಗನನ್ನು ತೋರಿಸಿ, ಅವನು ನನ್ನ ಮೊಮ್ಮಗ, ಅವನು ಹಾಕಿರುವ ಬೆಳ್ಳಿ ಗುಂಡಿ ನನ್ನ ತಂದೆಯದು ಅಂದರು. ನಿಮಗೆ ನಾರ್ವೇಜಿಯನ್ ಬರುತ್ತದೆಯಾ ಅಂತ ಕೇಳಿದೆ. ಇಲ್ಲ, ನನ್ನ ಅಮ್ಮನಿಗೆ ಬರುತ್ತಿತ್ತು, ನಮ್ಮ ಮುಂದೆ ಆಡುತ್ತಿರಲಿಲ್ಲ ಅಂದರು. ದೊಡ್ಡವರು ಗುಟ್ಟು ಮಾತಾಡಬೇಕಾದಾಗ ಮಾತ್ರ ಆಡುತ್ತಿದ್ದರಂತೆ.

ವಿಸ್ಕಾನ್ಸಿನ್‌ನ ಸ್ಟೋಟನ್ ಊರಿನದು ಇನ್ನೊಂದು ಕತೆ. ಅಲ್ಲಿನ ದೊಡ್ಡ ದಿನ ಸಿತ್ತೆಂದೆ ಮಾಯ್, ಅಂದರೆ ಮೇ 17. 1814ರಲ್ಲಿ ಅದೇ ದಿನ ನಾರ್ವೆಯವರು ಐಡ್ಸ್‌ವೋಲ್ ಅನ್ನುವಲ್ಲಿ ತಮ್ಮ ಸಂವಿಧಾನಕ್ಕೆ ಸಹಿ ಹಾಕಿದರು. ಅದಾದ ಕೆಲವೇ ತಿಂಗಳಲ್ಲಿ ಸ್ವೀಡನ್ನಿನ ರಾಜನ ಕೆಳಗೆ ಹೋಗಬೇಕಾಯಿತು. ರಾಜನಿಗೆ ಈ ಆಚರಣೆ ಹಿಡಿಸಲಿಲ್ಲ, 1828ರಲ್ಲಿ ನಿಷೇಧಿಸಿದ. ಜನ ಬಿಡಲಿಲ್ಲ. ನಾಜಿಗಳು ದೇಶ ಹಿಡಿದಿದ್ದ ಐದು ವರ್ಷವೂ ಬಹಿರಂಗ ಆಚರಣೆ ಬಂದ್ ಆಗಿತ್ತು. ಇಷ್ಟು ಪೆಟ್ಟು ತಿಂದ ದಿನವಾದರೂ ಆ ದಿನ ಅವರು ಸೈನ್ಯದ ಕವಾಯತು ಮಾಡುವುದಿಲ್ಲ. 1870ರಿಂದ ಅದು ಮಕ್ಕಳ ಮೆರವಣಿಗೆ. ಓಸ್ಲೊದಲ್ಲಿ ಶಾಲಾ ಮಕ್ಕಳು ಬಾವುಟ ಹಿಡಿದು ಅರಮನೆಯ ಮುಂದೆ ಹೋಗುತ್ತಾರೆ. ರಾಜ ಮನೆತನ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತದೆ. ಟ್ಯಾಂಕುಗಳ ಬದಲು ಮಕ್ಕಳನ್ನು ಮುಂದೆ ಬಿಟ್ಟ ದೇಶ ಅದು. ನನಗೆ ಅದಕ್ಕಿಂತ ಒಳ್ಳೆಯ ರಾಷ್ಟ್ರೀಯ ಹಬ್ಬ ಗೊತ್ತಿಲ್ಲ. ಸಿಯಾಟಲ್‌ನ ಬಲ್ಲಾರ್ಡ್ ಬಡಾವಣೆಯಲ್ಲೂ ಅದೇ ದಿನ ದೊಡ್ಡ ಮೆರವಣಿಗೆ ನಡೆಯುತ್ತದೆ.

ಸ್ಟೋಟನ್ ಹೈಸ್ಕೂಲಿನಲ್ಲಿ 1953ರಿಂದ ನಾರ್ವೇಜಿಯನ್ ನೃತ್ಯ ತಂಡ ಇದೆ. ಗಮನಿಸಿ, ಸಂಘದ ತಂಡ ಅಲ್ಲ, ಸರ್ಕಾರಿ ಶಾಲೆಯ ತಂಡ. ನಾರ್ವೆ ಮೂಲದವರೇ ಆಗಬೇಕು ಅಂತಿಲ್ಲ. ಅವರ ಒಂದು ಕುಣಿತದ ಹೆಸರು ಹಾಲಿಂಗ್. ಒಬ್ಬಳು ಹುಡುಗಿ ಕುರ್ಚಿಯ ಮೇಲೆ ನಿಂತು ಕೋಲಿನ ತುದಿಯಲ್ಲಿ ಟೋಪಿ ಹಿಡಿಯುತ್ತಾಳೆ. ಹುಡುಗ ಸುತ್ತುತ್ತ ಸುತ್ತುತ್ತ ಬಂದು, ಎಗರಿ, ಕಾಲಿನಿಂದ ಆ ಟೋಪಿಯನ್ನು ಹಾರಿಸಬೇಕು. ತಪ್ಪಿದರೆ ಇನ್ನೊಂದು ಸಲ. ನೆರೆದ ಜನ ಉಸಿರು ಹಿಡಿದು ನೋಡುತ್ತಾರೆ. ಹದಿನೇಳು ವರ್ಷದ ಹುಡುಗನಿಗೆ ಸಂಸ್ಕೃತಿ ಉಳಿಸು ಅಂತ ಬೋಧನೆ ಮಾಡಿದರೆ ಕೇಳುತ್ತಾನಾ? ಆ ಟೋಪಿ ಹಾರಿಸು ನೋಡೋಣ ಅಂದರೆ ಇಡೀ ಚಳಿಗಾಲ ಅಭ್ಯಾಸ ಮಾಡುತ್ತಾನೆ.

ಅದೇ ಊರಿನವರು ಪೇರ್ ಲಿಸ್ನೆ. ನಾರ್ವೆಯಿಂದ ಬಂದು ಸ್ಟೋಟನ್ನಿನ ಬಂಡಿ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದರು. ಕುದುರೆ ಬಂಡಿಯ ಕಾಲ ಮುಗಿಯಿತು, ಆರ್ಥಿಕ ಕುಸಿತ ಬಂತು, ಕೆಲಸ ಹೋಯಿತು. ಆಗ ಅವರು ನಾರ್ವೆಯ ಊರಿನಲ್ಲಿ ಕಲಿತ ರೋಸ್‌ಮಾಲಿಂಗ್ ಚಿತ್ರವನ್ನು ಮರದ ತಟ್ಟೆಗಳ ಮೇಲೆ, ಪೆಟ್ಟಿಗೆಗಳ ಮೇಲೆ ಬರೆಯತೊಡಗಿದರು. ರೋಸ್‌ಮಾಲಿಂಗ್ ಅಂದರೆ ಸುರುಳಿ ಬಳ್ಳಿ, ಎಲೆ, ಹೂವು. ಒಂದೇ ಎಳೆತದಲ್ಲಿ ಕುಂಚ ದಪ್ಪದಿಂದ ಸಣ್ಣಕ್ಕೆ ಹೋಗಬೇಕು. ಅವರಿಂದ ಆ ಕಲೆ ಅಮೆರಿಕದಲ್ಲಿ ಮತ್ತೆ ಚಿಗುರಿತು. 1960ರ ದಶಕದ ಕೊನೆಯಿಂದ ವೆಸ್ಟರ್‌ಹೈಮ್ ಮ್ಯೂಸಿಯಂ ನಾರ್ವೆಯಿಂದ ಕಲಾವಿದರನ್ನು ಕರೆಸಿ ತರಗತಿ ನಡೆಸಿತು. ಇವತ್ತು ಈ ಭಾಗದಲ್ಲಿ ಎಷ್ಟೋ ಮನೆಗಳ ಅಡುಗೆಕೋಣೆ ಕಪಾಟಿನ ಮೇಲೆ ಆ ಬಳ್ಳಿ ಇದೆ. ಭಾಷೆ ಬಾರದ ಕೈ ಅದನ್ನು ಬರೆದಿದೆ.

ಊಟದ ವಿಷಯಕ್ಕೆ ಬರೋಣ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರಿ ಅನ್ನಿಸುತ್ತದೆ.

ಲೆಫ್ಸೆ ಅಂದರೆ ಆಲೂಗಡ್ಡೆಯ ರೊಟ್ಟಿ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಮೈದಾ ಕಲಸಿ, ತಣ್ಣಗೆ ಮಾಡಿ, ಗೀರುಗೀರು ಇರುವ ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾರೆ. ಮಣೆಗೆ ಬಟ್ಟೆ ಸುತ್ತಿರುತ್ತಾರೆ, ಅಂಟಬಾರದಲ್ಲ. ಎಷ್ಟು ತೆಳ್ಳಗೆ ಅಂದರೆ ಕೆಳಗಿನ ಬಟ್ಟೆ ಕಾಣಬೇಕು. ಉದ್ದನೆಯ ತೆಳು ಮರದ ಪಟ್ಟಿಯಿಂದ ಎತ್ತಿ ದೊಡ್ಡ ಕಾವಲಿಯ ಮೇಲೆ ಹಾಸುತ್ತಾರೆ, ಅದೇ ಪಟ್ಟಿಯಿಂದ ತಿರುವುತ್ತಾರೆ. ಎಣ್ಣೆ ಇಲ್ಲ. ಕಂದು ಚುಕ್ಕೆ ಬಂದರೆ ಆಯಿತು. ಬೆಣ್ಣೆ, ಸಕ್ಕರೆ ಸವರಿ ಸುರುಳಿ ಸುತ್ತಿ ತಿನ್ನುವುದು. ಡೆಕೋರಾದಲ್ಲಿ ಒಬ್ಬ ಮುದುಕರು ನನ್ನ ಕೈಗೆ ಆ ಪಟ್ಟಿ ಕೊಟ್ಟರು. ಮನೆಯಲ್ಲಿ ಒಬ್ಬಟ್ಟು ತಿರುವಿದ ಕೈ, ಏನು ಮಹಾ ಅಂದುಕೊಂಡೆ. ಮೊದಲನೆಯದು ಹರಿಯಿತು. ಅವರು ಹರಿದಿದ್ದನ್ನು ಪಕ್ಕಕ್ಕಿಟ್ಟು, ಇದನ್ನು ಮಾಡಿದವರೇ ತಿನ್ನಬೇಕು, ನಮ್ಮ ಮನೆಯ ರೂಢಿ ಅಂದರು. ಬಿಸಿಬಿಸಿ ತಿಂದೆ. ನಮ್ಮಲ್ಲೂ ಹರಿದ ಒಬ್ಬಟ್ಟು ಮಕ್ಕಳ ಪಾಲು ಅಲ್ವಾ?

ಇನ್ನೊಂದು ತಿಂಡಿ ನೋಡಿ ನಾನು ಬೆರಗಾದೆ. ಉದ್ದ ಹಿಡಿಯ ಕಬ್ಬಿಣದ ಹೂವಿನ ಅಚ್ಚು. ಅದನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ತೆಳು ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗೆ ಇಳಿಸುವುದು. ಇವರು ಅದನ್ನು ರೋಸೆಟ್ ಅನ್ನುತ್ತಾರೆ, ಕ್ರಿಸ್‌ಮಸ್‌ಗೆ ಮಾಡುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳ ಕುಸ್ವಾರ್ ತಟ್ಟೆಯಲ್ಲೂ ಕ್ರಿಸ್‌ಮಸ್‌ಗೆ ಇದೇ ಇರುತ್ತದೆ! ಅದೇ ಅಚ್ಚು, ಅದೇ ವಿಧಾನ. ಅಲ್ಲಿ ಹಿಟ್ಟಿಗೆ ತೆಂಗಿನ ಹಾಲು ಬೀಳುತ್ತದೆ, ಅಷ್ಟೇ. ಮಂಗಳೂರಿನ ಕಡೆಯವರು ಇಲ್ಲಿ ಕೆಲವರಿದ್ದೀರಿ, ತಲೆಯಾಡಿಸುತ್ತಿದ್ದೀರಿ.

ಲೂಟೆಫಿಸ್ಕ್ ಬಗ್ಗೆ ಹೇಳದೆ ಇರಲಾಗುವುದಿಲ್ಲ. ಗಾಳಿಯಲ್ಲಿ ಒಣಗಿಸಿ ಕಟ್ಟಿಗೆಯಂತಾದ ಕಾಡ್ ಮೀನನ್ನು ದಿನಗಟ್ಟಲೆ ನೀರಿನಲ್ಲಿ, ಆಮೇಲೆ ಕ್ಷಾರದ ನೀರಿನಲ್ಲಿ, ಮತ್ತೆ ನೀರಿನಲ್ಲಿ ನೆನೆಹಾಕುತ್ತಾರೆ. ಬೇಯಿಸಿದರೆ ನಡುಗುವ ಲೋಳೆಯ ಹಾಗಾಗುತ್ತದೆ. ನಾರ್ವೆ ಮೂಲದವರು ಕರಗಿದ ಬೆಣ್ಣೆ ಸುರಿದುಕೊಳ್ಳುತ್ತಾರೆ, ಸ್ವೀಡನ್ ಮೂಲದವರು ಬಿಳಿ ಸಾಸ್. ಬಡತನದ ಊಟ ಅದು. ವಲಸೆ ಬಂದವರ ಜೊತೆ ಬಂದಿತು. ಅಕ್ಟೋಬರ್, ನವೆಂಬರ್ ಆದರೆ ಮಿನೆಸೋಟ, ವಿಸ್ಕಾನ್ಸಿನ್, ಡಕೋಟಾಗಳ ಚರ್ಚಿನ ನೆಲಮಾಳಿಗೆಗಳಲ್ಲಿ ಲೂಟೆಫಿಸ್ಕ್ ಊಟಗಳು ಶುರು. ಇವತ್ತಿನ ಓಸ್ಲೊದ ಹುಡುಗರಿಗೆ ಇದನ್ನು ಹೇಳಿದರೆ ನಿಮ್ಮ ಅಮೆರಿಕದವರು ಇನ್ನೂ ಅದನ್ನು ಅಷ್ಟೊಂದು ತಿನ್ನುತ್ತಾರಾ ಅಂತ ಆಶ್ಚರ್ಯಪಡುತ್ತಾರೆ.

ಇದರಲ್ಲಿ ಒಂದು ಮುಖ್ಯವಾದ ಮಾತಿದೆ. ಹೊರಟವರು ಹೊರಟ ದಿನದ ಊರನ್ನು ಹೊತ್ತುಕೊಂಡು ಬರುತ್ತಾರೆ. ಹಿಂದೆ ಉಳಿದ ಊರು ಬದಲಾಗುತ್ತ ಹೋಗುತ್ತದೆ. ಹಾಗಂತ ಇಲ್ಲಿನದು ನಕಲಿ ಅಂತ ನಾನು ಒಪ್ಪುವುದಿಲ್ಲ. ಇಲ್ಲಿನದು ಇಲ್ಲಿಯದೇ. ಕಾನ್ಸಾಸ್ ಬಯಲಿನ ಲಿಂಡ್ಸ್‌ಬೋರ್ಗ್ ಊರನ್ನೇ ನೋಡಿ. ಸ್ವೀಡನ್ನಿನವರು 1869ರಲ್ಲಿ ಕಟ್ಟಿದ ಊರು. ಕಾಲೇಜಿನವರು, ರೈತರು, ಅಂಗಡಿಯವರು ಸೇರಿ 1882ರಲ್ಲಿ ಹ್ಯಾಂಡೆಲ್ ಅನ್ನುವ ಸಂಗೀತಗಾರ ಯೇಸುವಿನ ಬಗ್ಗೆ ಕಟ್ಟಿದ ಮೆಸ್ಸಾಯ ಅನ್ನುವ ದೊಡ್ಡ ಗಾಯನ ಹಾಡಿದರು. ಈಗಲೂ ಈಸ್ಟರ್ ಹೊತ್ತಿಗೆ ಹಾಡುತ್ತಾರೆ. 1941ರಿಂದ ಬೆಸ ಇಸವಿಗಳ ಅಕ್ಟೋಬರ್‌ನಲ್ಲಿ ಹಿಲ್ನಿಂಗ್ಸ್‌ಫೆಸ್ಟ್ ಅನ್ನುವ ಹಬ್ಬ. ಹಿರಿಯ ವಲಸೆಗಾರರಿಗೆ ಗೌರವ ಸಲ್ಲಿಸುವುದು ಅಂತ ಅದರ ಅರ್ಥ. ಹ್ಯಾಂಡೆಲ್ ಸ್ವೀಡನ್ನಿನವನಲ್ಲ, ಆ ಬಯಲೂ ಸ್ವೀಡನ್ನಿನ ಹಾಗಿಲ್ಲ. ಆದರೂ ಆ ಊರಿನ ಸ್ವೀಡಿಷ್‌ತನ ಅಂದರೆ ಅದೇ.

ಅಯೋವಾದ ಎಲ್ಕ್ ಹಾರ್ನ್ ಊರಿನಲ್ಲಿ ಬರೀ ಆರುನೂರು ಚಿಲ್ಲರೆ ಜನ. ಡೆನ್ಮಾರ್ಕ್ ಮೂಲದವರು. ಅವರು ಡೆನ್ಮಾರ್ಕಿನಲ್ಲಿ 1848ರಲ್ಲಿ ಕಟ್ಟಿದ ಗಾಳಿಗಿರಣಿಯೊಂದನ್ನು ಕೊಂಡು, ಬಿಚ್ಚಿಸಿ, ತುಂಡು ತುಂಡಿಗೂ ಗುರುತು ಹಾಕಿಸಿ, ಹಡಗಿನಲ್ಲಿ ತರಿಸಿ, 1976ರಲ್ಲಿ ಊರಿನವರೇ ಕೈಜೋಡಿಸಿ ಮತ್ತೆ ನಿಲ್ಲಿಸಿದರು. ಇದಕ್ಕೆ ಉಲ್ಟಾ ಕತೆಯೂ ಇದೆ. ಇಲ್ಲಿಂದ ಹೋದ ಡೇನಿಷ್ ಅಮೆರಿಕನ್ನರು 1911ರಲ್ಲಿ ಡೆನ್ಮಾರ್ಕಿನ ರೆಬಿಲ್ಡ್ ಗುಡ್ಡಗಳಲ್ಲಿ ಜಾಗ ಕೊಂಡು ದೇಶಕ್ಕೆ ಕೊಟ್ಟರು. 1912ರಿಂದ ಅಲ್ಲಿ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯೋತ್ಸವ ನಡೆಯುತ್ತದೆ. ಇಲ್ಲಿ ಅಲ್ಲಿನ ಗಿರಣಿ, ಅಲ್ಲಿ ಇಲ್ಲಿನ ಹಬ್ಬ. ಎರಡು ಮನೆ ಇರುವವರ ಕಷ್ಟವೂ ಅದೇ, ಸಿರಿಯೂ ಅದೇ.

ಐಸ್‌ಲ್ಯಾಂಡ್ ಮೂಲದವರ ಹಬ್ಬ ಕೆನಡಾದ ಗಿಮ್ಲಿಯಲ್ಲಿ ಆಗಸ್ಟ್‌ನಲ್ಲಿ ನಡೆಯುತ್ತದೆ. ಅಲ್ಲಿ ಒಬ್ಬ ಹೆಣ್ಣುಮಗಳು ಹಸಿರು ನಿಲುವಂಗಿ, ಕಿರೀಟ ಹಾಕಿ ಫ್ಯಾಲ್‌ಕೋನಾ ಆಗುತ್ತಾಳೆ. ಬೆಟ್ಟದ ತಾಯಿ, ಅಂದರೆ ನಾಡೇ ಹೆಣ್ಣಾಗಿ ನಿಂತ ಹಾಗೆ. ನಮಗೆ ಭುವನೇಶ್ವರಿ ಇದ್ದಾಳಲ್ಲ. ನಾರ್ತ್ ಡಕೋಟಾದ ಮೈನಟ್‌ನಲ್ಲಿ 1978ರಿಂದ ನಡೆಯುವ ಹೋಸ್ಟ್‌ಫೆಸ್ಟ್ ಗಾತ್ರದಲ್ಲಿ ಇವೆಲ್ಲಕ್ಕಿಂತ ದೊಡ್ಡದು. ಐದೂ ನಾರ್ಡಿಕ್ ದೇಶಗಳ ಮೂಲದವರು ಒಂದೇ ಮೈದಾನದಲ್ಲಿ ಸೇರುತ್ತಾರೆ. ನನಗೆ ಮಾತ್ರ ಸಣ್ಣ ಊರಿನ ಹಬ್ಬಗಳೇ ಹಿಡಿಸುತ್ತವೆ.

ನನಗೆ ಒಪ್ಪಿಗೆಯಾಗದ್ದನ್ನೂ ಹೇಳಬೇಕು. ಈ ಹಬ್ಬಗಳಲ್ಲಿ ಕೊಂಬಿನ ಶಿರಸ್ತ್ರಾಣ ಮಾರುತ್ತಾರೆ. ವೈಕಿಂಗರು, ಅಂದರೆ ಸಾವಿರ ವರ್ಷದ ಹಿಂದೆ ಆ ದೇಶಗಳಲ್ಲಿದ್ದ ಕಡಲ ಯೋಧರು, ಕೊಂಬು ಹಾಕಿಕೊಳ್ಳುತ್ತಿರಲಿಲ್ಲ. ಅದು 19ನೇ ಶತಮಾನದ ಜರ್ಮನ್ ಒಪೆರಾದ ವೇಷದಿಂದ ಹಬ್ಬಿದ ಕಲ್ಪನೆ. ಮಿನೆಸೋಟದಲ್ಲಿ ಕೆನ್ಸಿಂಗ್ಟನ್ ಹತ್ತಿರ 1898ರಲ್ಲಿ ಒಂದು ಕಲ್ಲು ಸಿಕ್ಕಿತು. 1362ರಲ್ಲೇ ನಾರ್ವೆ, ಸ್ವೀಡನ್ನಿನವರು ಇಲ್ಲಿಗೆ ಬಂದಿದ್ದರು ಅಂತ ಅದರ ಮೇಲೆ ಬರೆದಿದೆ. ಅದು 19ನೇ ಶತಮಾನದಲ್ಲಿ ಕೊರೆದಿದ್ದು ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ಆದರೂ ಆ ಕಲ್ಲಿನ ಮೇಲೆ ಅಭಿಮಾನ ಕಟ್ಟಿಕೊಂಡವರಿದ್ದಾರೆ. ಅದರ ಅಗತ್ಯವೇ ಇಲ್ಲ. ಸಾವಿರ ವರ್ಷದ ಹಿಂದೆ ವೈಕಿಂಗರು ನಿಜವಾಗಿಯೂ ಬಂದಿದ್ದ ಜಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿದೆ. ಹೆಲ್ಗೆ ಮತ್ತು ಆನೆ ಸ್ಟಿನೆ ಇಂಗ್‌ಸ್ಟಾಡ್ ದಂಪತಿ 1960ರಲ್ಲಿ ಅದನ್ನು ಗುರುತಿಸಿ, ಆಮೇಲೆ ಅಗೆದು ತೋರಿಸಿದರು. ಆದರೆ ಬಡ ರೈತರ ಪೆಟ್ಟಿಗೆಗಳ ಕತೆ ನನಗೆ ಅದಕ್ಕಿಂತ ದೊಡ್ಡದು.

ಇನ್ನೊಂದು ಮಾತು. ಡೆಕೋರಾ ಅನ್ನುವುದು ನಾರ್ವೆಯ ಹೆಸರಲ್ಲ. ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ಮುಖಂಡ ವಾಕಾನ್ ಡೆಕೋರಾ 19ನೇ ಶತಮಾನದಲ್ಲಿ ಬದುಕಿದ್ದವರು, ಊರಿನ ಹೆಸರು ಅವರದು. ಅವರ ಜನರನ್ನು ಸರ್ಕಾರ ಅಲ್ಲಿಂದ ಎಬ್ಬಿಸಿದ ಮೇಲೆ ಆ ನೆಲ ವಲಸಿಗರಿಗೆ ಸಿಕ್ಕಿತು. ನೆನಪಿನ ಹಬ್ಬ ಮಾಡುವ ಊರು ಈ ನೆನಪನ್ನೂ ಇಟ್ಟುಕೊಳ್ಳಬೇಕು. ನಾವೂ ಈಗ ಅದೇ ನೆಲದ ಮೇಲೆ ಮನೆ ಕೊಂಡವರು, ನಮಗೂ ಅದು ಸೇರುತ್ತದೆ.

ಈಗ ನಮ್ಮ ವಿಷಯ. ನಾವು ಇಲ್ಲಿ ಮೊದಲ ತಲೆಮಾರು. ನಮ್ಮ ಮಕ್ಕಳು ಎರಡನೆಯದು. ನನ್ನ ಮಗಳಿಗೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಿಮ್ಮ ಮನೆಗಳಲ್ಲೂ ಹಾಗೇ ಅಂತ ಗೊತ್ತು. ಭಾಷೆ ಹೋದರೂ ಪರವಾಗಿಲ್ಲ, ಒಬ್ಬಟ್ಟು ಇದ್ದರೆ ಸಾಕು ಅಂತ ಹೇಳಲು ನಾನು ಬಂದಿಲ್ಲ. ಡೆಕೋರಾದ ಆ ಅಜ್ಜಿ, ಅಮ್ಮ ನಮ್ಮ ಮುಂದೆ ಆಡುತ್ತಿರಲಿಲ್ಲ ಅಂದಾಗ ಅವರ ಮುಖ ನೋಡಿದ್ದೇನೆ. ನಮಗೆ ಇನ್ನೂ ಸಮಯ ಇದೆ. ನಮ್ಮ ಬಾಯಿ ಮುಚ್ಚಿಸುವ ಆಜ್ಞೆ ಯಾವುದೂ ಇಲ್ಲ. ಇದೇ ಮಿನೆಸೋಟದ ಕಾಡಿನಲ್ಲಿ ಕಾಂಕಾರ್ಡಿಯಾ ಕಾಲೇಜಿನವರು 1960ರ ದಶಕದಿಂದ ಭಾಷಾ ಶಿಬಿರ ನಡೆಸುತ್ತಿದ್ದಾರೆ. ನಾರ್ವೇಜಿಯನ್ ಶಿಬಿರದ ಹೆಸರು ಸ್ಕೂಗ್‌ಫ್ಯೂರ್ಡನ್. ಮಕ್ಕಳು ಅಲ್ಲಿ ಊಟ, ಆಟ, ಈಜು ಎಲ್ಲವನ್ನೂ ಆ ಭಾಷೆಯಲ್ಲೇ ಮಾಡುತ್ತಾರೆ. ಕಳೆದುಹೋದ ಮೇಲೆ ಇಷ್ಟು ಕಷ್ಟಪಟ್ಟು ಕಟ್ಟುತ್ತಿದ್ದಾರೆ. ಕೈಯಲ್ಲಿರುವಾಗಲೇ ನಾವು ಬಿಡುವುದು ಯಾಕೆ?

ನಮ್ಮ ಕಾರ್ಯಕ್ರಮಗಳಲ್ಲಿ ಮಕ್ಕಳು ವೇದಿಕೆ ಮೇಲೆ ಐದು ನಿಮಿಷ ಇರುತ್ತಾರೆ. ಉಳಿದ ಮೂರು ಗಂಟೆ ಹಿಂದಿನ ಸಾಲಿನಲ್ಲಿ ಫೋನು. ಊಟ ಹೊರಗಿನಿಂದ ಬರುತ್ತದೆ. ಮುಂದಿನ ಯುಗಾದಿಗೆ ಊಟ ತರಿಸುವುದು ಬೇಡ. ಒಬ್ಬಟ್ಟಿನ ಹೂರಣ ರುಬ್ಬುವುದು, ಕಣಕ ನಾದುವುದು, ತಟ್ಟುವುದು, ಎಲ್ಲವನ್ನೂ ಹತ್ತರಿಂದ ಹದಿನೇಳರ ಮಕ್ಕಳಿಗೆ ಬಿಡೋಣ. ನಾವು ಪಕ್ಕದಲ್ಲಿ ನಿಂತು ಕನ್ನಡದಲ್ಲೇ ಹೇಳಿಕೊಡೋಣ. ಹರಿದರೆ ಹರಿಯಲಿ. ಡೊಳ್ಳು ತರಿಸಬೇಕು ಅಂತ ಹೋದ ವರ್ಷ ಮಾತಾಗಿತ್ತು, ದುಬಾರಿ ಅಂತ ಬಿಟ್ಟೆವು. ಆರುನೂರು ಜನರ ಊರು ಗಾಳಿಗಿರಣಿ ತರಿಸಿತು. ನಾಲ್ಕು ಡೊಳ್ಳು ನಮ್ಮಿಂದ ಆಗುವುದಿಲ್ಲವಾ?

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: ಇಷ್ಟೆಲ್ಲ ಹೇಳಿದಿರಿ, ಆ ಭಾಷೆಯ ಒಂದು ಸಾಲಾದರೂ ಅವರ ಬಾಯಲ್ಲಿ ಉಳಿದಿದೆಯಾ ಸ್ವಾಮಿ?

ಉಳಿದಿದೆ ಅಂದೆ. ಹೋದ ನವೆಂಬರ್‌ನಲ್ಲಿ ಇಲ್ಲಿಗೆ ಹತ್ತಿರದ ಒಂದು ಚರ್ಚಿನ ಲೂಟೆಫಿಸ್ಕ್ ಊಟಕ್ಕೆ ಹೋಗಿದ್ದೆ. ನೆಲಮಾಳಿಗೆ, ಉದ್ದನೆಯ ಮೇಜುಗಳು, ನೂರೈವತ್ತು ಜನ. ಹೆಚ್ಚಿನವರು ಮೂರನೇ, ನಾಲ್ಕನೇ ತಲೆಮಾರು. ನನ್ನ ಎದುರಿಗೆ ಕೂತಿದ್ದವರು ಹಾಲಿನ ಲಾರಿ ಓಡಿಸುವವರು. ಊಟಕ್ಕೆ ಮುಂಚೆ ಎಲ್ಲರೂ ಎದ್ದು ನಿಂತರು. ಒಟ್ಟಿಗೆ ಶುರು ಮಾಡಿದರು: ಇ ಯೇಸು ನಾವ್ನ್ ಗೋರ್ ವಿ ತಿಲ್ ಬೂರ್ಸ್. ಯೇಸುವಿನ ಹೆಸರಿನಲ್ಲಿ ಊಟಕ್ಕೆ ಕೂರುತ್ತೇವೆ ಅಂತ. ಪ್ರಾರ್ಥನೆ ನಾಲ್ಕೇ ಸಾಲು. ಒಬ್ಬರೂ ಚೀಟಿ ನೋಡಲಿಲ್ಲ. ಮುಗಿದ ಮೇಲೆ ನಾನು ಆ ಲಾರಿಯವರನ್ನು ಕೇಳಿದೆ, ನಿಮಗೆ ನಾರ್ವೇಜಿಯನ್ ಗೊತ್ತಾ ಅಂತ. ಇಷ್ಟೇ ಗೊತ್ತು, ಅಜ್ಜಿ ಕಲಿಸಿದ್ದು ಅಂದರು. ಹೇಳುತ್ತಲೇ ಬೆಣ್ಣೆಯ ಜಗ್ಗನ್ನು ನನ್ನ ಕಡೆಗೆ ದಾಟಿಸಿದರು.